ಮನೆಯಲ್ಲಿ ಕಟ್ಟಿದ ಸಿಂಥ್: ಸಂಜೆಯಾದರೆ ±12 ವೋಲ್ಟ್ ಕುಸಿಯುತ್ತಿದೆ, ಗುಂಯ್ ಸದ್ದು, ಶ್ರುತಿ ನಿಲ್ಲುತ್ತಿಲ್ಲ

ಮಲೆನಾಡ್_ಮಾಡ್ಯುಲರ್ (ಪ್ರಶ್ನೆ)

ನಮಸ್ಕಾರ. ಯೂರೋರ್ಯಾಕ್ (ಬಿಡಿ ಮಾಡ್ಯೂಲ್‌ಗಳನ್ನು ಜೋಡಿಸುವ ಪದ್ಧತಿ) ಅಳತೆಯ ಸಣ್ಣ ಸಿಂಥ್, ಅಂದರೆ ಎಲೆಕ್ಟ್ರಾನಿಕ್ ವಾದ್ಯ, ಕಟ್ಟಿದ್ದೀನಿ. ಎರಡು ವಿಸಿಒ (ಸ್ವರ ಹುಟ್ಟಿಸುವ ಆಸಿಲೇಟರ್), ಒಂದು ಫಿಲ್ಟರ್, ಎರಡು ವಿಸಿಎ (ಸದ್ದಿನ ಮಟ್ಟ ಏರಿಳಿಸುವುದು), ಒಂದು ಎಲ್‌ಎಫ್‌ಒ (ನಿಧಾನದ ಆಸಿಲೇಟರ್), ಒಂದು ಎಡಿಎಸ್‌ಆರ್ (ಸ್ವರದ ಏಳುಬೀಳಿನ ಆಕಾರ ಕೊಡುವುದು), ಜೊತೆಗೆ ಆರ್ಡುಯಿನೋ ನ್ಯಾನೋದ ಮೇಲೆ 8 ಹೆಜ್ಜೆಯ ಸೀಕ್ವೆನ್ಸರ್. ಆಪ್‌ಆಂಪ್ ಎಲ್ಲವೂ ಟಿಎಲ್072, ಟಿಎಲ್074.

ಪವರ್ ಸಪ್ಲೈಗೆ 12-0-12, 1 ಆಂಪ್ ಟ್ರಾನ್ಸ್‌ಫಾರ್ಮರ್. ನಾಲ್ಕು 1ಎನ್4007 ಸೇರಿಸಿ ಬ್ರಿಡ್ಜ್, ಸೆಂಟರ್ ಟ್ಯಾಪ್ ಗ್ರೌಂಡ್‌ಗೆ. ಎರಡೂ ಕಡೆ 1000 ಮೈಕ್ರೋಫ್ಯಾರಡ್ 25 ವೋಲ್ಟ್ ಕೆಪಾಸಿಟರ್, ಆಮೇಲೆ +12ಕ್ಕೆ 7812, −12ಕ್ಕೆ 7912 ರೆಗ್ಯುಲೇಟರ್. ಆರ್ಡುಯಿನೋಗೆ +12ರಿಂದಲೇ ಒಂದು 7805. ರೆಗ್ಯುಲೇಟರ್‌ಗಳ ಹತ್ತಿರ ಬೇರೆ ಕೆಪಾಸಿಟರ್ ಹಾಕಿಲ್ಲ.

ತೊಂದರೆಗಳು: ಹಗಲು ಹೊತ್ತು +12.03, −12.1 ಬರುತ್ತೆ, ಸದ್ದೂ ಸರಿ ಇರುತ್ತೆ. ಸಂಜೆ ಏಳರ ಮೇಲೆ +11.2, −11.4ಕ್ಕೆ ಇಳಿದು ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತೆ. ಮಾಡ್ಯೂಲ್ ಎಲ್ಲ ಬಿಚ್ಚಿಟ್ಟರೆ −12 ಇರಬೇಕಾದಲ್ಲಿ −13.1 ತೋರಿಸುತ್ತೆ. ಕೆಲವು ಸಲ ಸ್ವಿಚ್ ಹಾಕಿದಾಗ −12 ಬರುವುದೇ ಇಲ್ಲ, ಆ ಲೈನ್‌ನಲ್ಲಿ +0.6 ವೋಲ್ಟ್ ಇರುತ್ತೆ. ಆರಿಸಿ ಹಾಕಿದರೆ ಸರಿಹೋಗುತ್ತೆ. ಇದೆಲ್ಲದರ ಜೊತೆ, ಎಲ್‌ಎಫ್‌ಒದ ಎಲ್‌ಇಡಿ ಮಿನುಗಿದಾಗಲೆಲ್ಲ ವಿಸಿಒ ಶ್ರುತಿ ಸ್ವಲ್ಪ ಅಲುಗುತ್ತೆ. ರೆಗ್ಯುಲೇಟರ್ ಎರಡನ್ನೂ ಬದಲಾಯಿಸಿ ನೋಡಿದೆ, ವ್ಯತ್ಯಾಸ ಇಲ್ಲ. ಎಲ್ಲಿಂದ ಹುಡುಕಲಿ?

ಬೆಸುಗೆ_ಕಡ್ಡಿ

ರೆಗ್ಯುಲೇಟರ್ ಬದಲಿಸಿದರೂ ವ್ಯತ್ಯಾಸ ಇಲ್ಲ ಅಂದಮೇಲೆ ಅದರ ಹಿಂದೆ ನೋಡಬೇಕು. ನೀವು ಕೊಟ್ಟ ಅಂಕಿಗಳೆಲ್ಲ ಔಟ್‌ಪುಟ್‌ನವು. ಬೇಕಾಗಿರುವುದು ರೆಗ್ಯುಲೇಟರ್‌ಗೆ ಒಳಗೆ ಹೋಗುತ್ತಿರುವ ವೋಲ್ಟೇಜ್, ಅದೂ ಎಲ್ಲ ಮಾಡ್ಯೂಲ್ ಹಚ್ಚಿಕೊಂಡಿರುವಾಗ. 7812 ಸರಿಯಾಗಿ ಕೆಲಸ ಮಾಡಲು ಇನ್‌ಪುಟ್ ಯಾವ ಕ್ಷಣದಲ್ಲೂ 14 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಮಲ್ಟಿಮೀಟರ್‌ನ ಡಿಸಿ ರೇಂಜ್ ಸರಾಸರಿಯನ್ನಷ್ಟೇ ತೋರಿಸುವುದರಿಂದ, ಅದರಲ್ಲಿ 15 ಎಂದು ಕಂಡರೂ ಒಳಗೆ ಸೆಕೆಂಡಿಗೆ ನೂರು ಸಲ 13ಕ್ಕೆ ಮುಟ್ಟಿ ಬರುತ್ತಿರಬಹುದು. ಆ ಗುಂಯ್ ಸದ್ದು ಅದೇ.

ಇವಿಷ್ಟನ್ನು ಅಳೆದು ಬರೆಯಿರಿ. ಮೊದಲಿಗೆ ಎರಡೂ 1000 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳ ಮೇಲಿನ ಡಿಸಿ, ಹಗಲು ಮತ್ತು ಸಂಜೆ. ಆಮೇಲೆ ಅವೇ ಜಾಗಗಳಲ್ಲಿ ಎಸಿ. ಅಗ್ಗದ ಮೀಟರ್‌ಗಳು ಎಸಿ ರೇಂಜ್‌ನಲ್ಲಿ ಡಿಸಿಯನ್ನು ತಡೆಯುವುದಿಲ್ಲ, ಸುಳ್ಳು ಅಂಕಿ ಕೊಡುತ್ತವೆ. ಅದಕ್ಕೆ ಕೆಂಪು ಪ್ರೋಬ್‌ನ ಜೊತೆ ಸರಣಿಯಲ್ಲಿ 1 ಮೈಕ್ರೋಫ್ಯಾರಡ್ 100 ವೋಲ್ಟ್ ಫಿಲ್ಮ್ ಕೆಪಾಸಿಟರ್ ಹಾಕಿ ಅಳೆಯಿರಿ. ಬಂದ ಅಂಕಿಯನ್ನು 3.5ರಿಂದ ಗುಣಿಸಿದರೆ ತುದಿಯಿಂದ ತುದಿಗೆ ರಿಪಲ್ (ಡಿಸಿಯ ಮೇಲೆ ಉಳಿದಿರುವ ಏರಿಳಿತ) ಎಷ್ಟೆಂದು ಸಾಕಷ್ಟು ಹತ್ತಿರಕ್ಕೆ ಸಿಗುತ್ತದೆ.

ಪ್ರತಿ ಲೈನ್ ಎಳೆಯುವ ಕರೆಂಟ್ ಕೂಡ ಬೇಕು. ಮೀಟರ್‌ನ 10 ಆಂಪ್ ಸಾಕೆಟ್ ಬಳಸಿ. 200 ಮಿಲಿಆಂಪ್ ಸಾಕೆಟ್‌ಗೆ ಹಾಕಿದರೆ ಒಳಗಿನ ಫ್ಯೂಸ್ ಹೋಗುತ್ತದೆ. ಮೇನ್ಸ್ ವೋಲ್ಟೇಜನ್ನು ಪ್ಲಗ್‌ನ ಹೊರಗೆ, ಪಕ್ಕದ ಸಾಕೆಟ್‌ನಲ್ಲಿ ನೋಡಿ. ಪೆಟ್ಟಿಗೆ ತೆರೆದಿಟ್ಟು ಪ್ರೈಮರಿ ಕಡೆ ಪ್ರೋಬ್ ಇಡಬೇಡಿ.

ಇನ್ನೊಂದು, ಗುಂಯ್ ಸದ್ದಿನ ಫ್ರೀಕ್ವೆನ್ಸಿ. ಕೆಪಾಸಿಟರ್‌ನ ತುದಿಯಿಂದ ಅದೇ 1 ಮೈಕ್ರೋಫ್ಯಾರಡ್, ಅದರ ಮುಂದೆ 10 ಕಿಲೋಓಮ್, ಅಲ್ಲಿಂದ ಗ್ರೌಂಡ್‌ಗೆ 1 ಕಿಲೋಓಮ್. ಆ 1 ಕಿಲೋಓಮ್ ಮೇಲಿನ ಸಿಗ್ನಲನ್ನು ಆಂಪ್ಲಿಫೈಯರ್‌ಗೆ ಕೊಟ್ಟು (ಹಚ್ಚುವಾಗ ವಾಲ್ಯೂಮ್ ಸೊನ್ನೆಯಲ್ಲಿರಲಿ) ಮೊಬೈಲ್‌ನ ಸ್ಪೆಕ್ಟ್ರಮ್ ಆ್ಯಪ್‌ನಲ್ಲಿ ನೋಡಿ. ಬ್ರಿಡ್ಜ್ ಪೂರ್ತಿ ಕೆಲಸ ಮಾಡುತ್ತಿದ್ದರೆ 100 ಹರ್ಟ್ಜ್ ಮತ್ತು ಅದರ ಗುಣಕಗಳು ಮಾತ್ರ ಕಾಣಬೇಕು. 50 ಹರ್ಟ್ಜ್‌ನಲ್ಲಿ ದೊಡ್ಡ ಗೆರೆ ಎದ್ದರೆ ಆ ಕಡೆಯ ಒಂದು ಡಯೋಡ್ ಕೆಲಸ ಮಾಡುತ್ತಿಲ್ಲ. ಸೂಕ್ಷ್ಮವಾದ 50 ಹರ್ಟ್ಜ್ ಗೆರೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದಲೂ ಬರುತ್ತದೆ, ಅದಕ್ಕೆ ಗಾಬರಿ ಬೇಡ.

ಹೀಟ್‌ಸಿಂಕ್ ಬಗ್ಗೆ ಏನೂ ಹೇಳಿಲ್ಲ. ಎರಡೂ ಒಂದೇ ಪಟ್ಟಿಗೆ ಬಿಗಿದಿದ್ದರೆ ಮೈಕಾ ವಾಷರ್ ಮತ್ತು ಸ್ಕ್ರೂಗೆ ಪ್ಲಾಸ್ಟಿಕ್ ಬುಷ್ ಇದೆಯೇ ನೋಡಿ. 7812ರ ಬೆನ್ನಿನ ಲೋಹ ಗ್ರೌಂಡ್, 7912ರ ಬೆನ್ನು ಇನ್‌ಪುಟ್. ನೇರ ಬಿಗಿದರೆ ಮೈನಸ್ ಸಪ್ಲೈ ಗ್ರೌಂಡ್‌ಗೆ ಶಾರ್ಟ್. ಕಾಲುಗಳೂ ಒಂದೇ ಅಲ್ಲ: 7812ರಲ್ಲಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, 7912ರಲ್ಲಿ ಗ್ರೌಂಡ್, ಇನ್‌ಪುಟ್, ಔಟ್‌ಪುಟ್.

ಮಲೆನಾಡ್_ಮಾಡ್ಯುಲರ್

ಧನ್ಯವಾದ ಸರ್. ಮೈಕಾ, ಬುಷ್ ಎರಡೂ ಇವೆ. ಬೆನ್ನಿನಿಂದ ಪಟ್ಟಿಗೆ ಬೀಪ್ ಬರುತ್ತಿಲ್ಲ. ಕರೆಂಟ್: +12 ಲೈನ್ 240 ಮಿಲಿಆಂಪ್ (ಆರ್ಡುಯಿನೋ ಮತ್ತು ಅದರ ಎಲ್‌ಇಡಿಗಳೇ ಸುಮಾರು 120), −12 ಲೈನ್ 110 ಮಿಲಿಆಂಪ್.

ಹಗಲು, ಮೇನ್ಸ್ 228: ಪ್ಲಸ್ ಕೆಪಾಸಿಟರ್ 14.9 ಡಿಸಿ, ಮೈನಸ್ 14.9 ಡಿಸಿ. ಎಸಿ ಪ್ಲಸ್ ಕಡೆ 0.62, ಮೈನಸ್ ಕಡೆ 0.58. ಸಂಜೆ, ಮೇನ್ಸ್ 205: ಡಿಸಿ 13.1 ಮತ್ತು 13.2, ಎಸಿ ಹೆಚ್ಚುಕಡಿಮೆ ಅಷ್ಟೇ. ಸ್ಪೆಕ್ಟ್ರಮ್‌ನಲ್ಲಿ ಪ್ಲಸ್ ಕಡೆ 100, 200, 300. ಮೈನಸ್ ಕಡೆ 50ರಲ್ಲೇ ಎಲ್ಲಕ್ಕಿಂತ ಎತ್ತರದ ಗೆರೆ.

ರಿಪಲ್_ಲೆಕ್ಕ

ಇಷ್ಟು ಸಾಕು. ಫೋನ್ ಇಲ್ಲದಿದ್ದರೂ ಈ ಅಂಕಿಗಳೇ ಮೈನಸ್ ಕಡೆಯ ದೋಷ ಹೇಳುತ್ತವೆ, ಆ ಲೆಕ್ಕ ಒಮ್ಮೆ ಮಾಡಿ ತೋರಿಸುತ್ತೇನೆ.

ಕೆಪಾಸಿಟರ್ ಒಂದು ಸಲ ತುಂಬಿ ಮುಂದಿನ ಸಲ ತುಂಬುವ ತನಕ ಲೋಡ್ ಅದರಿಂದ ಎಳೆಯುತ್ತಾ ಇರುತ್ತದೆ. ಎಷ್ಟು ವೋಲ್ಟ್ ಇಳಿಯುತ್ತದೆ ಅಂದರೆ: ಕರೆಂಟನ್ನು ಸಮಯದಿಂದ ಗುಣಿಸಿ ಫ್ಯಾರಡ್‌ನಿಂದ ಭಾಗಿಸಬೇಕು. ನಮ್ಮ 50 ಹರ್ಟ್ಜ್‌ಗೆ ಪೂರ್ಣ ಬ್ರಿಡ್ಜ್‌ನಲ್ಲಿ ಸಮಯ 10 ಮಿಲಿಸೆಕೆಂಡ್. ಪ್ಲಸ್ ಕಡೆ 0.24 × 0.01 ÷ 0.001 = 2.4 ವೋಲ್ಟ್. 3.5ರಿಂದ ಭಾಗಿಸಿದರೆ ಮೀಟರ್‌ನಲ್ಲಿ 0.69 ಬರಬೇಕು. ನಿಮಗೆ 0.62 ಬಂದಿದೆ. ತುಂಬುವುದಕ್ಕೂ ಒಂದೆರಡು ಮಿಲಿಸೆಕೆಂಡ್ ಹಿಡಿಯುವುದರಿಂದ ಅಷ್ಟು ಕಡಿಮೆ ಬರುವುದು ಸಹಜ. ಪ್ಲಸ್ ಕಡೆ ಬ್ರಿಡ್ಜ್, ಕೆಪಾಸಿಟರ್ ಎರಡೂ ಸರಿಯಾಗಿವೆ.

ಮೈನಸ್ ಕಡೆ 0.11 ಆಂಪ್‌ಗೆ 1.1 ವೋಲ್ಟ್ ಇಳಿಯಬೇಕು, ಮೀಟರ್‌ನಲ್ಲಿ 0.31. ಬಂದಿರುವುದು 0.58, ಹತ್ತಿರಹತ್ತಿರ ಎರಡರಷ್ಟು. ಇದಕ್ಕೆ ಎರಡೇ ಕಾರಣ: ಕೆಪಾಸಿಟರ್ ಒಣಗಿ ಅರ್ಧ ಆಗಿರಬೇಕು, ಇಲ್ಲವೇ 10ರ ಬದಲು 20 ಮಿಲಿಸೆಕೆಂಡಿಗೊಮ್ಮೆ ತುಂಬುತ್ತಿರಬೇಕು. 50 ಹರ್ಟ್ಜ್ ಗೆರೆ ಎರಡನೆಯದನ್ನು ಖಚಿತ ಮಾಡುತ್ತದೆ. ಮೈನಸ್ ಕಡೆಯ ಎರಡು ಡಯೋಡ್‌ಗಳಲ್ಲಿ ಒಂದು ತೆರೆದುಕೊಂಡಿದೆ, ಅಥವಾ ಅದರ ಕಾಲಿನ ಬೆಸುಗೆ ಹಿಡಿದಿಲ್ಲ. 1ಎನ್4007 ಈ ಕರೆಂಟ್‌ನಲ್ಲಿ ತಾನಾಗಿ ಹಾಳಾಗುವುದು ಅಪರೂಪ. ಮೊದಲು ಬೆಸುಗೆ ನೋಡಿ.

ಇಲ್ಲಿ ಎಷ್ಟೋ ಜನ ದಾರಿ ತಪ್ಪುತ್ತಾರೆ: ಡಯೋಡನ್ನು ಬೋರ್ಡ್‌ನಲ್ಲಿದ್ದಂತೆಯೇ ಮೀಟರ್‌ನ ಡಯೋಡ್ ಟೆಸ್ಟ್‌ನಲ್ಲಿ ಇಟ್ಟರೆ ಎರಡೂ ಸರಿ ಇದ್ದಂತೆ ತೋರಿಸುತ್ತದೆ. ಟ್ರಾನ್ಸ್‌ಫಾರ್ಮರ್‌ನ ಸುರುಳಿ ಕೆಲವೇ ಓಮ್, ಹಾಗಾಗಿ ಕೆಟ್ಟ ಡಯೋಡ್ ಇರುವ ತುದಿಯಿಂದಲೂ ಮೀಟರ್‌ನ ಕರೆಂಟ್ ಸುರುಳಿಯ ಮೂಲಕ ಹಾದು ಒಳ್ಳೆಯ ಡಯೋಡ್‌ಗೆ ಹೋಗುತ್ತದೆ. ಪ್ಲಗ್ ಕಿತ್ತು, 1 ಕಿಲೋಓಮ್ ರೆಸಿಸ್ಟರ್ ಹಿಡಿದು ಕೆಪಾಸಿಟರ್ ಖಾಲಿ ಮಾಡಿ, ಸೆಕೆಂಡರಿಯ ಎರಡು ಹೊರ ತಂತಿಗಳನ್ನು ಬಿಚ್ಚಿ, ಆಮೇಲೆ ಪರೀಕ್ಷಿಸಿ. ಕೆಂಪು ಪ್ರೋಬ್ ಮೈನಸ್ ಕೆಪಾಸಿಟರ್‌ನ ಋಣ ತುದಿಗೆ, ಕಪ್ಪು ಪ್ರೋಬ್ ಒಂದೊಂದು ಎಸಿ ತುದಿಗೆ. ಎರಡರಲ್ಲೂ 0.5ರಿಂದ 0.6 ಬರಬೇಕು.

ಆದರೆ ಈ ಡಯೋಡ್ ಸರಿಮಾಡಿದರೂ ಸಂಜೆಯ ಕುಸಿತ ಪ್ಲಸ್ ಕಡೆ ಹಾಗೇ ಉಳಿಯುತ್ತದೆ. ಅದು ದೋಷವಲ್ಲ, ವಿನ್ಯಾಸದಲ್ಲಿಯೇ ಅಂಚು ಸಾಲದು. 12 ವೋಲ್ಟ್ ಎಸಿಯ ಶಿಖರ 17, ಡಯೋಡ್‌ನ 0.9 ಕಳೆದರೆ 16. ಮೇನ್ಸ್ 205ಕ್ಕೆ ಇಳಿದಾಗ 14.2. ಅದರಿಂದ ರಿಪಲ್ 2.4 ಕಳೆದರೆ 11.8. ಅಂದರೆ ಇನ್‌ಪುಟ್ಟೇ 12ಕ್ಕಿಂತ ಕೆಳಗೆ ಹೋಗಿ ಬರುತ್ತಿದೆ. ಇದಕ್ಕೆ 15-0-15 ಟ್ರಾನ್ಸ್‌ಫಾರ್ಮರ್ ಹಾಕಬೇಕು.

ವಿದ್ಯುತ್_ವೀಣೆ

ಟ್ರಾನ್ಸ್‌ಫಾರ್ಮರ್ ಬದಲಿಸುವ ಖರ್ಚು ಯಾಕೆ? ಕೆಪಾಸಿಟರನ್ನು 4700 ಮೈಕ್ರೋಫ್ಯಾರಡ್‌ಗೆ ಏರಿಸಿದರೆ ರಿಪಲ್ ಅರ್ಧ ವೋಲ್ಟ್‌ಗೆ ಇಳಿಯುತ್ತದಲ್ಲ. ಬಹಳ ಕಡೆ ಅಷ್ಟೇ ಮಾಡಿ ಗುಂಯ್ ನಿಲ್ಲಿಸುತ್ತಾರೆ.

ರಿಪಲ್_ಲೆಕ್ಕ

ಮೇನ್ಸ್ 230 ನಿಲ್ಲುವ ಊರಿನಲ್ಲಿ ಸಾಕು. ಇಲ್ಲಿ ಸಾಲದು. ರೆಗ್ಯುಲೇಟರ್‌ಗೆ 14, ರಿಪಲ್‌ಗೆ 0.5, ಡಯೋಡ್‌ಗೆ 0.9, ಒಟ್ಟು ಶಿಖರ 15.4 ಬೇಕು. 12-0-12ರಲ್ಲಿ ಅದು ಸಿಗುವುದು ಮೇನ್ಸ್ 209 ಇರುವ ತನಕ ಮಾತ್ರ. ಇವರಿಗೆ ಸಂಜೆ 205. ಅದೇ ಕೆಪಾಸಿಟರ್ ಜೊತೆ 15-0-15 ಹಾಕಿದರೆ 167ಕ್ಕೆ ಇಳಿದರೂ ±12 ಅಲುಗುವುದಿಲ್ಲ. ಕೆಪಾಸಿಟರ್ ಕಣಿವೆಯನ್ನು ತುಂಬುತ್ತದೆ, ಶಿಖರವನ್ನು ಎತ್ತಲಾರದು. ಎರಡನ್ನೂ ಬದಲಿಸಿ. 15-0-15, 1 ಆಂಪ್ ಟ್ರಾನ್ಸ್‌ಫಾರ್ಮರ್ ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಮಾತ್ರವಲ್ಲ, ಜಿಲ್ಲಾ ಕೇಂದ್ರದ ಬಿಡಿಭಾಗದ ಅಂಗಡಿಗಳಲ್ಲೂ ಸಿಗುವ ಮಾಲು.

ಅಂಗಡಿಯಲ್ಲಿ "4700 ಎಂಎಫ್‌ಡಿ 35 ವೋಲ್ಟ್" ಎಂದು ಕೇಳಿ, 25 ವೋಲ್ಟ್‌ನದು ತರಬೇಡಿ. ಸಣ್ಣ ಟ್ರಾನ್ಸ್‌ಫಾರ್ಮರ್‌ಗಳು ಲೋಡ್ ಇಲ್ಲದಾಗ ಬರೆದಿರುವುದಕ್ಕಿಂತ ಶೇ 10ರಿಂದ 20 ಹೆಚ್ಚು ಕೊಡುತ್ತವೆ. ಅದರ ಮೇಲೆ ರಾತ್ರಿ ಮೇನ್ಸ್ 250ಕ್ಕೆ ಏರಿದರೆ ಕೆಪಾಸಿಟರ್ ಮೇಲೆ 25 ದಾಟುತ್ತದೆ. 10,000ಕ್ಕಿಂತ ದೊಡ್ಡದು ಹಾಕಿ ಪ್ರಯೋಜನ ಇಲ್ಲ: ತುಂಬುವ ಕ್ಷಣ ಕಿರಿದಾಗಿ, ಕರೆಂಟ್‌ನ ಮೊನೆ ಎತ್ತರವಾಗಿ, ಟ್ರಾನ್ಸ್‌ಫಾರ್ಮರ್ ಸುಮ್ಮನೆ ಬಿಸಿಯಾಗುತ್ತದೆ. ಇದೇ ಕಾರಣಕ್ಕೆ 1 ಆಂಪ್ ಟ್ರಾನ್ಸ್‌ಫಾರ್ಮರ್‌ನಿಂದ ಡಿಸಿ ಕಡೆ ಸುಮಾರು 0.6 ಆಂಪ್ ಮಾತ್ರ ನಿರೀಕ್ಷಿಸಬೇಕು. ನಿಮ್ಮ ಲೋಡ್‌ಗೆ ಅಷ್ಟು ಧಾರಾಳ.

ಇನ್‌ಪುಟ್ ಏರಿದ್ದಕ್ಕೆ ಶಾಖ ಹೆಚ್ಚುತ್ತದೆ. ಇನ್‌ಪುಟ್ 19 ಬಂದರೆ 7812ರಲ್ಲಿ (19 − 12) × 0.24, ಅಂದರೆ 1.7 ವ್ಯಾಟ್. ಹೀಟ್‌ಸಿಂಕ್ ಇಲ್ಲದ ಟಿಒ-220 (7812ರ ಕವಚದ ಮಾದರಿ) ವ್ಯಾಟ್‌ಗೆ ಸುಮಾರು 65 ಡಿಗ್ರಿ ಏರುತ್ತದೆ, ಕೆಲವು ನಿಮಿಷದಲ್ಲಿ ಒಳಗಿನ ಥರ್ಮಲ್ ಶಟ್‌ಡೌನ್‌ಗೆ ಹತ್ತಿರ. ಸ್ವಿಚ್ ಹಾಕಿದ ತಕ್ಷಣ ಸರಿ ಇದ್ದು ಹತ್ತು ನಿಮಿಷಕ್ಕೆ ವೋಲ್ಟೇಜ್ ಕುಸಿದರೆ ಶಾಖದ ತೊಂದರೆ. ತಕ್ಷಣವೇ ಕುಸಿದಿದ್ದರೆ ಇನ್‌ಪುಟ್‌ನ ತೊಂದರೆ. ನಿಮ್ಮ ಅಲ್ಯೂಮಿನಿಯಂ ಪಟ್ಟಿ ಅಂಗೈ ಅಗಲ ಇದ್ದು ಗಾಳಿ ಆಡುವಂತಿದ್ದರೆ ಸಾಕು. ಪ್ರೈಮರಿಯಲ್ಲಿ 250 ಮಿಲಿಆಂಪ್ ಸ್ಲೋ-ಬ್ಲೋ ಫ್ಯೂಸ್ ಮತ್ತು ಲೋಹದ ಪೆಟ್ಟಿಗೆಗೆ ಅರ್ಥಿಂಗ್ ಖಂಡಿತ ಇರಬೇಕು.

ಬೆಸುಗೆ_ಕಡ್ಡಿ

ಉಳಿದೆರಡಕ್ಕೆ ನಾನು ಹೇಳುತ್ತೇನೆ.

−13.1 ಬರುವುದು ದೋಷ ಅಲ್ಲ. 7912ರ ಡೇಟಾಶೀಟ್ ಅಂಕಿಗಳೆಲ್ಲ ಕನಿಷ್ಠ 5 ಮಿಲಿಆಂಪ್ ಲೋಡ್ ಇದ್ದಾಗಿನವು. ಬರಿಗೈಯಲ್ಲಿ ಅಳೆದರೆ ಮೇಲಕ್ಕೆ ತೇಲುತ್ತದೆ. −12 ಮತ್ತು ಗ್ರೌಂಡ್ ನಡುವೆ ಒಂದು ಎಲ್‌ಇಡಿ ಮತ್ತು 1.8 ಕಿಲೋಓಮ್ ಕಾಯಂ ಹಾಕಿಬಿಡಿ. 5.5 ಮಿಲಿಆಂಪ್ ಲೋಡ್ ಆಯಿತು, ಲೈನ್ ಜೀವಂತ ಇದೆಯೆಂದು ಕಣ್ಣಿಗೂ ಕಾಣುತ್ತದೆ. ಲೋಡ್ ಇದ್ದಾಗ 7812 ಆಗಲಿ 7912 ಆಗಲಿ 11.5ರಿಂದ 12.5ರ ಒಳಗೆ ಎಲ್ಲಿ ನಿಂತರೂ ಸರಿಯೇ, ಎರಡೂ ಸಮವಾಗಿರಬೇಕೆಂದಿಲ್ಲ.

+0.6ಕ್ಕೆ ಸಿಕ್ಕಿಕೊಳ್ಳುವುದು ನಿಜವಾದ ದೋಷ. ಸ್ವಿಚ್ ಹಾಕಿದಾಗ ಪ್ಲಸ್ ಕಡೆ ಮೊದಲು ಎದ್ದರೆ, ಆಪ್‌ಆಂಪ್‌ಗಳ ಮೂಲಕ ಹರಿಯುವ ಕರೆಂಟ್ ಮೈನಸ್ ಲೈನನ್ನು ಗ್ರೌಂಡ್‌ಗಿಂತ ಮೇಲಕ್ಕೆ ಎಳೆಯುತ್ತದೆ. ಔಟ್‌ಪುಟ್ ಉಲ್ಟಾ ಆದ 7912 ಎದ್ದೇಳುವುದಿಲ್ಲ. ನಿಮ್ಮಲ್ಲಿ ಮೈನಸ್ ಕಡೆ ಅರ್ಧ ಬ್ರಿಡ್ಜ್ ಮಾತ್ರ ಕೆಲಸ ಮಾಡುತ್ತಿರುವುದರಿಂದ ಅದು ಇನ್ನೂ ನಿಧಾನ ಎದ್ದು ತೊಂದರೆ ಹೆಚ್ಚಿಸಿದೆ. ಪರಿಹಾರ ಎರಡು ಡಯೋಡ್. ಮೈನಸ್ ಲೈನ್‌ಗೆ: ಆನೋಡ್ −12ಕ್ಕೆ, ಕ್ಯಾಥೋಡ್ ಗ್ರೌಂಡ್‌ಗೆ. ಪ್ಲಸ್ ಲೈನ್‌ಗೆ: ಆನೋಡ್ ಗ್ರೌಂಡ್‌ಗೆ, ಕ್ಯಾಥೋಡ್ +12ಕ್ಕೆ. 1ಎನ್4001 ಆಗುತ್ತದೆ, ಆದರೆ 1ಎನ್5819 ಶಾಟ್ಕಿ ಉತ್ತಮ. ಕಡಿಮೆ ವೋಲ್ಟೇಜ್‌ನಲ್ಲೇ ಹಿಡಿದುಕೊಳ್ಳುತ್ತದೆ. ಉಲ್ಟಾ ಹಾಕಿದರೆ ಲೈನ್ ಶಾರ್ಟ್, ಬೆಳ್ಳಿ ಪಟ್ಟಿ ಯಾವ ಕಡೆ ಎಂದು ಎರಡು ಸಲ ನೋಡಿ.

ರೆಗ್ಯುಲೇಟರ್ ಹತ್ತಿರ ಕೆಪಾಸಿಟರ್ ಇಲ್ಲ ಅಂದಿರಿ. 7812 ಅದನ್ನು ಸಹಿಸಬಹುದು, 7912 ಸಹಿಸುವುದಿಲ್ಲ, ತಾನೇ ಆಂದೋಲಿಸಲು ಶುರುಮಾಡುತ್ತದೆ. ಮೀಟರ್‌ನಲ್ಲಿ ಅದು ಕಾಣುವುದೂ ಇಲ್ಲ; ರೆಗ್ಯುಲೇಟರ್ ಕಾರಣವಿಲ್ಲದೆ ಬಿಸಿಯಾಗುವುದರಿಂದ, ವೋಲ್ಟೇಜ್ ವಿಚಿತ್ರವಾಗಿ ಅಲೆದಾಡುವುದರಿಂದ ಅನುಮಾನಿಸಬೇಕು. 7912ರ ಇನ್‌ಪುಟ್‌ಗೆ 2.2 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಅಥವಾ 25ಕ್ಕಿಂತ ಹೆಚ್ಚಿನ ಎಲೆಕ್ಟ್ರೋಲಿಟಿಕ್, ಔಟ್‌ಪುಟ್‌ಗೆ 1 ಮೈಕ್ರೋಫ್ಯಾರಡ್ ಟ್ಯಾಂಟಲಮ್ ಅಥವಾ 47ರ ಎಲೆಕ್ಟ್ರೋಲಿಟಿಕ್. 7812ಕ್ಕೆ ಇನ್‌ಪುಟ್‌ನಲ್ಲಿ 0.33, ಔಟ್‌ಪುಟ್‌ನಲ್ಲಿ 0.1. ಎಲ್ಲವೂ ಕಾಲಿನ ಬುಡಕ್ಕೇ ಇರಲಿ. ಮೈನಸ್ ಕಡೆಯ ಕೆಪಾಸಿಟರ್‌ಗಳ ಧನ ತುದಿ ಗ್ರೌಂಡ್‌ಗೆ ಬರಬೇಕು, ಬೇಸ್ತು ಬೀಳುವುದು ಇಲ್ಲೇ.

ಶ್ರುತಿ_ಮಿಲಿವೋಲ್ಟ್

ಎಲ್‌ಇಡಿ ಮಿನುಗಿದಾಗ ಶ್ರುತಿ ಅಲುಗುವುದಕ್ಕೆ ಮೇಲಿನ ಯಾವ ರಿಪೇರಿಯೂ ಮದ್ದಲ್ಲ. ಅದು ಬೇರೆ ಕಾಯಿಲೆ, ಗ್ರೌಂಡ್ ತಂತಿಯದ್ದು.

1 ವೋಲ್ಟ್‌ಗೆ 1 ಸ್ಥಾಯಿ ಎಂಬ ಪದ್ಧತಿಯಲ್ಲಿ ಒಂದು ಸೆಮಿಟೋನ್ 83.3 ಮಿಲಿವೋಲ್ಟ್, 1 ಮಿಲಿವೋಲ್ಟ್ ಅಂದರೆ 1.2 ಸೆಂಟ್ (ಸೆಮಿಟೋನ್‌ನ ನೂರನೇ ಒಂದು ಪಾಲು ಒಂದು ಸೆಂಟ್). ನಾವು ಸಾಮಾನ್ಯವಾಗಿ ಬಳಸುವ 7/0.2 (0.2 ಮಿಲಿಮೀಟರ್‌ನ ಏಳು ಎಳೆ) ತಂತಿ ಅರ್ಧ ಮೀಟರ್‌ಗೆ ಸುಮಾರು 0.04 ಓಮ್. ಸೀಕ್ವೆನ್ಸರ್‌ನ 120 ಮಿಲಿಆಂಪ್ ಅದೇ ತಂತಿಯಲ್ಲಿ ವಾಪಸು ಹೋದರೆ 5 ಮಿಲಿವೋಲ್ಟ್, ಅಂದರೆ 6 ಸೆಂಟ್. 440 ಹರ್ಟ್ಜ್‌ನಲ್ಲಿ ಶ್ರುತಿಪೆಟ್ಟಿಗೆಯ ಜೊತೆ ನುಡಿಸಿದರೆ ಸೆಕೆಂಡಿಗೆ ಒಂದೂವರೆ ಸಲ ತೇಲಾಟ ಕೇಳುತ್ತದೆ. ಸಂಗೀತದ ಕಿವಿ ಇರುವವರು ಇದನ್ನು ಸಹಿಸಲಾರರು. ±12ರ ಅಂಕಿ ಮೀಟರ್‌ನಲ್ಲಿ ನಿಶ್ಚಲ ಇದ್ದರೂ ಇದು ಆಗುತ್ತಲೇ ಇರುತ್ತದೆ.

ಪರೀಕ್ಷೆ ಸುಲಭ. ಮೀಟರ್ 200 ಮಿಲಿವೋಲ್ಟ್ ಡಿಸಿಯಲ್ಲಿಟ್ಟು ಕಪ್ಪು ಪ್ರೋಬ್ ಸಪ್ಲೈ ಬೋರ್ಡ್‌ನ ಗ್ರೌಂಡ್‌ಗೆ, ಕೆಂಪು ಪ್ರೋಬ್ ವಿಸಿಒ ಬೋರ್ಡ್‌ನ ಗ್ರೌಂಡ್‌ಗೆ. ಎಲ್‌ಎಫ್‌ಒ ತೀರಾ ನಿಧಾನಕ್ಕೆ ಇಡಿ. ಎಲ್‌ಇಡಿ ಜೊತೆಗೇ ಅಂಕಿ ಏರಿಳಿದರೆ ಅಲ್ಲೇ ಇದೆ ದೋಷ.

ಸರಿಪಡಿಸುವುದು ಹೀಗೆ: ಎರಡು ದೊಡ್ಡ ಕೆಪಾಸಿಟರ್‌ಗಳ ನಡುವಿನ ಗ್ರೌಂಡ್ ಮತ್ತು ಸೆಂಟರ್ ಟ್ಯಾಪ್ ಕೂಡುವ ಜಾಗದಲ್ಲಿ ತುಂಬುವ ಕರೆಂಟ್‌ನ ಮೊನೆಗಳಿರುತ್ತವೆ, ಅಲ್ಲಿಂದ ಮಾಡ್ಯೂಲ್‌ಗೆ ಗ್ರೌಂಡ್ ತೆಗೆಯಬೇಡಿ. ರೆಗ್ಯುಲೇಟರ್‌ಗಳ ಔಟ್‌ಪುಟ್ ಕೆಪಾಸಿಟರ್‌ಗಳ ಗ್ರೌಂಡ್ ಬಿಂದುವಿನಿಂದ ತೆಗೆಯಿರಿ. ಅಲ್ಲಿಂದ ವಿಸಿಒಗಳಿಗೆ ಒಂದು ತಂತಿ, ಉಳಿದ ಅನಲಾಗ್ ಮಾಡ್ಯೂಲ್‌ಗಳಿಗೆ ಒಂದು, ಸೀಕ್ವೆನ್ಸರ್‌ಗೆ ತನ್ನದೇ ಒಂದು. ಬಸ್‌ಗೆ (ಮಾಡ್ಯೂಲ್‌ಗಳಿಗೆ ಪವರ್ ಹಂಚುವ ಮುಖ್ಯ ಲೈನ್) 1.5 ಚದರ ಮಿಲಿಮೀಟರ್ ಮನೆ ವೈರಿಂಗ್ ತಂತಿಯೇ ಚೆನ್ನಾಗಿರುತ್ತದೆ. ಸೀಕ್ವೆನ್ಸರ್‌ನ 7805ನ್ನು +12ರಿಂದ ಬಿಡಿಸಿ ರೆಗ್ಯುಲೇಟ್ ಆಗದ ಪ್ಲಸ್ ಕಡೆಗೆ ಹಾಕಿ, 1.7 ವ್ಯಾಟ್ ಶಾಖಕ್ಕೆ ಬೇರೆ ಹೀಟ್‌ಸಿಂಕ್ ಕೊಡಿ. ಆಗ 7812 ಮೇಲೆ 120 ಮಿಲಿಆಂಪ್ ಮಾತ್ರ ಉಳಿಯುತ್ತದೆ.

ವಿಸಿಒದ ಟ್ಯೂನಿಂಗ್ ಪಾಟ್ (ತಿರುಗಿಸುವ ರೆಸಿಸ್ಟರ್) ನೇರ ±12ರ ನಡುವೆ ಇದ್ದರೆ ಅದನ್ನೂ ಬದಲಿಸಿ. 7812ರ ಔಟ್‌ಪುಟ್ ಬಿಸಿಯಾದಂತೆ ಡಿಗ್ರಿಗೆ ಸುಮಾರು 1 ಮಿಲಿವೋಲ್ಟ್ ಸರಿಯುತ್ತದೆ, ಅದರ ಒಂದು ಪಾಲು ಶ್ರುತಿಗೆ ಸೇರುತ್ತದೆ. ಸ್ಥಿರ ವೋಲ್ಟೇಜ್ ಕೊಡುವ ಎಲ್‌ಎಂ4040 ಐಸಿಯ 10 ವೋಲ್ಟ್ ಮಾದರಿಯನ್ನು 1 ಕಿಲೋಓಮ್ ಮೂಲಕ +12ಕ್ಕೆ, ಇನ್ನೊಂದನ್ನು ಹಾಗೆಯೇ −12ಕ್ಕೆ ಹಾಕಿ, 100 ಕಿಲೋಓಮ್ ಪಾಟನ್ನು ಆ ±10ರ ನಡುವೆ ಇಡಿ.

ಮಾಡ್ಯೂಲ್ ಒಳಗೆ ಸಪ್ಲೈ ಪ್ರವೇಶದಲ್ಲಿ 10 ಓಮ್ ರೆಸಿಸ್ಟರ್ ಇದ್ದರೆ ಅದರಾಚೆ 11.7 ಕಾಣುವುದು ಸಹಜ. 30 ಮಿಲಿಆಂಪ್‌ಗೆ 0.3 ವೋಲ್ಟ್ ಅಲ್ಲೇ ಇಳಿಯುತ್ತದೆ, ಸಪ್ಲೈಯನ್ನು ದೂರಬೇಡಿ.

ಮಲೆನಾಡ್_ಮಾಡ್ಯುಲರ್

ಸೆಕೆಂಡರಿ ಬಿಚ್ಚಿ ನೋಡಿದೆ: ಮೈನಸ್ ಕಡೆಯ ಒಂದು ಡಯೋಡ್‌ನಲ್ಲಿ 0.56, ಇನ್ನೊಂದರಲ್ಲಿ ಏನೂ ಇಲ್ಲ. ಡಯೋಡ್ ಸರಿ ಇತ್ತು, ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು. 15-0-15, 4700 ಮೈಕ್ರೋಫ್ಯಾರಡ್ 35 ವೋಲ್ಟ್, 1ಎನ್5819 ಎರಡು, ಬುಡದ ಕೆಪಾಸಿಟರ್‌ಗಳು, ಎಲ್‌ಇಡಿ ಲೋಡ್ ಎಲ್ಲ ಹಾಕಿದೆ.

ಸಂಜೆ, ಮೇನ್ಸ್ 206: ಕೆಪಾಸಿಟರ್ ಮೇಲೆ +18.3 ಮತ್ತು −18.6, ಎಸಿ 0.13 ಮತ್ತು 0.06. ಔಟ್‌ಪುಟ್ +12.03, −12.09. ಗುಂಯ್ ಇಲ್ಲ. −12 ಪ್ರತಿ ಸಲವೂ ಏಳುತ್ತಿದೆ. ಗ್ರೌಂಡ್ ಪರೀಕ್ಷೆಯಲ್ಲಿ ಎಲ್‌ಎಫ್‌ಒ ಜೊತೆ 3.1 ಮಿಲಿವೋಲ್ಟ್ ಏರಿಳಿತ ಸಿಕ್ಕಿತು. ಸೀಕ್ವೆನ್ಸರ್‌ಗೆ ಬೇರೆ ಗ್ರೌಂಡ್ ಎಳೆದಮೇಲೂ 1.4 ಉಳಿದಿದೆ. ಇದನ್ನು ಇನ್ನೂ ಇಳಿಸಬಹುದಾ?

ಶ್ರುತಿ_ಮಿಲಿವೋಲ್ಟ್

ಇಳಿಸಬಹುದು. ಉಳಿದಿರುವುದು ಎಲ್‌ಎಫ್‌ಒದ ಎಲ್‌ಇಡಿಯದ್ದೇ. ಆಪ್‌ಆಂಪ್ ಔಟ್‌ಪುಟ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಜೊತೆ ಹಾಕಿದ್ದರೆ ಅದನ್ನು 10 ಕಿಲೋಓಮ್ ಮಾಡಿ, ಈಗಿನ ಹೊಳಪಿನ ಎಲ್‌ಇಡಿಗಳಿಗೆ ಅರ್ಧ ಮಿಲಿಆಂಪ್ ಸಾಕು. ವಿಸಿಒ ಮತ್ತು ಎಲ್‌ಎಫ್‌ಒ ಈಗ ಒಂದೇ ಗ್ರೌಂಡ್ ತಂತಿಯಲ್ಲಿದ್ದರೆ ವಿಸಿಒಗಳನ್ನು ಬೇರೆ ಮಾಡಿ. ಐಡಿಸಿ ರಿಬ್ಬನ್ ಕೇಬಲ್ (ಒತ್ತಿ ಕೂರಿಸುವ ಕನೆಕ್ಟರ್‌ನ ಚಪ್ಪಟೆ ಕೇಬಲ್) ಬಳಸಿದ್ದರೆ ಕನೆಕ್ಟರ್‌ಗಳನ್ನು ಒಮ್ಮೆ ಒತ್ತಿ ನೋಡಿ. ಆರು ಗ್ರೌಂಡ್ ತಂತಿಗಳಲ್ಲಿ ಎರಡೇ ಹಿಡಿದಿರುವುದು ಸಾಮಾನ್ಯ. ಮತ್ತೆ ಹಚ್ಚುವಾಗ ಕೆಂಪು ಗೆರೆ −12ರ ಕಡೆಗಿರಲಿ. 10 ಪಿನ್ನಿನದು ಉಲ್ಟಾ ಆದರೆ ಪ್ಲಸ್ ಮೈನಸ್ ಅದಲುಬದಲಾಗಿ ಟಿಎಲ್072ಗಳು ಹೋಗುತ್ತವೆ. 0.5 ಮಿಲಿವೋಲ್ಟ್‌ಗಿಂತ ಕೆಳಗೆ ಬಂದಮೇಲೆ ವಿಸಿಒ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಶ್ರುತಿ ಮಾಡಿ.